ಮಗುವಿನ ಥೈರಾಯ್ಡ್ ಗಂಟು: ಕ್ಯಾನ್ಸರ್ ಅಪಾಯವನ್ನು ವೈದ್ಯರು ಅಳೆಯುವುದು ಹೇಗೆ?

ಮಗುವಿನ ಕುತ್ತಿಗೆಯಲ್ಲಿ ಗಂಟು ಕಂಡಿದೆ. ಅದು ಥೈರಾಯ್ಡ್ ಗ್ರಂಥಿಯೊಳಗೇ ಇದೆ ಅಂತ ಸ್ಕ್ಯಾನ್ ಹೇಳಿದೆ. ಆ ದಿನ ಹೆಚ್ಚಿನ ತಂದೆ ತಾಯಂದಿರು ಮೊದಲು ಮಾಡುವ ಕೆಲಸ ಇಂಟರ್ನೆಟ್‌ನಲ್ಲಿ ಹುಡುಕುವುದು. ಅಲ್ಲಿ ಬೇಗ ಕಣ್ಣಿಗೆ ಬೀಳುವುದು ಒಂದು ಅಂಕಿ. ದೊಡ್ಡವರ ಥೈರಾಯ್ಡ್ ಗಂಟುಗಳಲ್ಲಿ ನೂರಕ್ಕೆ 5ರಿಂದ 10 ಕ್ಯಾನ್ಸರ್ ಆಗಿರುತ್ತವೆ. ಮಕ್ಕಳಲ್ಲಿ ಅದು ನೂರಕ್ಕೆ 22ರಿಂದ 26. ಅಂದರೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು.

ಈ ಅಂಕಿ ಸುಳ್ಳಲ್ಲ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2015ರಲ್ಲಿ ಮಕ್ಕಳಿಗಾಗಿಯೇ ಹೊರತಂದ ಮಾರ್ಗಸೂಚಿಯಲ್ಲಿ ಇದೇ ಇದೆ. ಅದಕ್ಕೂ ಮೊದಲು ದೊಡ್ಡವರಿಗೆ ಬರೆದ ನಿಯಮಗಳನ್ನೇ ಬಹುಮಟ್ಟಿಗೆ ಮಕ್ಕಳಿಗೂ ಬಳಸುತ್ತಿದ್ದರು. ಆದರೆ "ಹಾಗಾದರೆ ನನ್ನ ಮಗುವಿಗೆ ಕ್ಯಾನ್ಸರ್ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು" ಅಂತ ತೀರ್ಮಾನಿಸಿಬಿಟ್ಟರೆ ತಪ್ಪಾಗುತ್ತದೆ. ಅದು ಎಲ್ಲ ಮಕ್ಕಳನ್ನೂ ಒಟ್ಟಿಗೆ ಸೇರಿಸಿ ತೆಗೆದ ಸರಾಸರಿ. ಲೆಕ್ಕ ಅಲ್ಲಿಂದ ಶುರುವಾಗುತ್ತದೆ ಅಷ್ಟೇ. ಮಗುವಿನ ಹಿಂದಿನ ಆರೋಗ್ಯದ ವಿವರ, ಕುತ್ತಿಗೆಯ ಪರೀಕ್ಷೆ, ಅಲ್ಟ್ರಾಸೌಂಡ್, ಸೂಜಿ ಪರೀಕ್ಷೆ, ಇವು ಒಂದೊಂದೂ ಆ ಅಂಕಿಯನ್ನು ಮೇಲಕ್ಕೋ ಕೆಳಕ್ಕೋ ತಳ್ಳುತ್ತವೆ. ಕೊನೆಗೆ ಒಂದು ಮಗುವಿನಲ್ಲಿ ಅದು ತೀರಾ ಕೆಳಗೆ ಇಳಿದಿರುತ್ತದೆ. ಇನ್ನೊಂದು ಮಗುವಿನಲ್ಲಿ ನೂರರ ಹತ್ತಿರಕ್ಕೆ ಏರಿರುತ್ತದೆ. ಈ ಏರಿಳಿತ ಹೇಗೆ ಆಗುತ್ತದೆ ಅನ್ನುವುದು ಗೊತ್ತಾದರೆ ವೈದ್ಯರ ಮಾತು ಅರ್ಥವಾಗುತ್ತದೆ. ಕೇಳಬೇಕಾದ ಪ್ರಶ್ನೆಗಳೂ ಹೊಳೆಯುತ್ತವೆ.

ನಾಲ್ಕರಲ್ಲಿ ಒಂದು ಅನ್ನುವ ಲೆಕ್ಕ ಬಂದದ್ದೆಲ್ಲಿಂದ?

ಥೈರಾಯ್ಡ್ ಇರುವುದು ಕುತ್ತಿಗೆಯ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡಂತೆ. ಎರಡು ಭಾಗ, ನಡುವೆ ಒಂದು ತೆಳುವಾದ ಪಟ್ಟಿ. ದೇಹದ ಬೆಳವಣಿಗೆ, ಮಿದುಳಿನ ಬೆಳವಣಿಗೆ, ಹೃದಯದ ಬಡಿತದ ವೇಗ, ಎಲ್ಲಕ್ಕೂ ಬೇಕಾದ ಹಾರ್ಮೋನು ಇಲ್ಲಿಂದ ಬರುತ್ತದೆ. ಈ ಗ್ರಂಥಿಯೊಳಗೆ ಸುತ್ತಲಿನ ಭಾಗಕ್ಕಿಂತ ಬೇರೆಯಾಗಿ ಕಾಣುವ ಒಂದು ಉಂಡೆ ಬೆಳೆದರೆ ಅದನ್ನು ಗಂಟು ಅನ್ನುತ್ತಾರೆ. ಗಂಟು ಅಂದರೆ ಕ್ಯಾನ್ಸರ್ ಅಂತಲ್ಲ. ನೀರು ತುಂಬಿದ ಚೀಲ ಇರಬಹುದು. ಗ್ರಂಥಿಯ ಜೀವಕೋಶಗಳೇ ಒಂದೆಡೆ ಜಾಸ್ತಿ ಬೆಳೆದಿರಬಹುದು. ಅಪಾಯವಿಲ್ಲದ ಗೆಡ್ಡೆ ಇರಬಹುದು. ಹಾಶಿಮೊಟೊ ಎಂಬ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಮೇಲೆ ತಿರುಗಿಬೀಳುತ್ತದೆ. ಆಗಲೂ ಗ್ರಂಥಿ ಅಲ್ಲಲ್ಲಿ ಗಂಟುಗಂಟಾಗಿ ಕಾಣಬಹುದು.

ದೊಡ್ಡವರಲ್ಲಿ ಥೈರಾಯ್ಡ್ ಗಂಟು ತೀರಾ ಸಾಮಾನ್ಯ. ವಯಸ್ಸಾದಂತೆ ಹೆಚ್ಚುತ್ತಾ ಹೋಗುತ್ತದೆ. ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಸುಮ್ನೆ ಕಣ್ಣಿಗೆ ಬೀಳುವ ಗಂಟುಗಳೇ ಜಾಸ್ತಿ. ಅವುಗಳಲ್ಲಿ ಹೆಚ್ಚಿನವು ಏನೂ ತೊಂದರೆ ಕೊಡುವುದಿಲ್ಲ. ಮಕ್ಕಳಲ್ಲಿ ಗಂಟೇ ಅಪರೂಪ. ಕೈಗೆ ಸಿಗುವಂಥ ಗಂಟು ನೂರು ಮಕ್ಕಳಲ್ಲಿ ಹೆಚ್ಚೆಂದರೆ ಒಬ್ಬರಿಬ್ಬರಲ್ಲಿ ಇರುತ್ತದೆ. ವಯಸ್ಸಿನಿಂದ ಬರುವ ನಿರಪಾಯದ ಗಂಟುಗಳ ರಾಶಿ ಮಕ್ಕಳಲ್ಲಿ ಇಲ್ಲ. ಹಾಗಾಗಿ ಇರುವ ಕೆಲವೇ ಗಂಟುಗಳಲ್ಲಿ ಕ್ಯಾನ್ಸರ್‌ನ ಪಾಲು ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಮಾತನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನಾಲ್ಕರಲ್ಲಿ ಒಂದು ಅನ್ನುವ ಲೆಕ್ಕ ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳ ದಾಖಲೆಗಳಿಂದ ಬಂದದ್ದು. ಅಲ್ಲಿಗೆ ಹೋಗಿ ಮುಟ್ಟುವುದು ಯಾವ ಮಕ್ಕಳು? ಊರಿನ ವೈದ್ಯರಿಗೆ ಅನುಮಾನ ಬಂದವರು. ಗಂಟು ಬೆಳೆದು ಕಣ್ಣಿಗೆ ಕಾಣುವಂತಾದವರು. ಆಪರೇಷನ್ ಬೇಕು ಅಂತ ಕಳಿಸಿಕೊಟ್ಟವರು. ಅವರ ಲೆಕ್ಕವನ್ನು ಎಲ್ಲ ಮಕ್ಕಳಿಗೂ ಹಚ್ಚಿದರೆ ಅಪಾಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆದರೂ ಒಂದು ಮಾತು ಖಚಿತ. ಮಗುವಿನ ಥೈರಾಯ್ಡ್ ಗಂಟನ್ನು "ಇದೆಲ್ಲ ಮಾಮೂಲು, ಆಮೇಲೆ ನೋಡೋಣ" ಅಂತ ಬಿಡುವ ಹಾಗಿಲ್ಲ. ಅದು ಚಿಕ್ಕದಿದ್ದರೂ ಸರಿಯಾಗಿ ನೋಡಿಸಲೇಬೇಕು.

ಮೊದಲ ಪ್ರಶ್ನೆ: ಕುತ್ತಿಗೆಗೆ ವಿಕಿರಣ ತಾಗಿತ್ತಾ?

ಒಳ್ಳೆಯ ವೈದ್ಯರು ಸ್ಕ್ಯಾನ್ ನೋಡುವ ಮೊದಲೇ ಕೇಳುವ ಪ್ರಶ್ನೆ ಇದು. ಇದರ ಹಿಂದೆ ದೊಡ್ಡ ಚರಿತ್ರೆಯೇ ಇದೆ.

ಕಳೆದ ಶತಮಾನದ ಮೊದಲರ್ಧದಲ್ಲಿ ಎಕ್ಸ್‌ರೇಯನ್ನು ಚಿಕಿತ್ಸೆಯಾಗಿ ಧಾರಾಳವಾಗಿ ಬಳಸುತ್ತಿದ್ದರು. ಎಳೆ ಮಕ್ಕಳ ಎದೆಯಲ್ಲಿ ಥೈಮಸ್ ಗ್ರಂಥಿ ದೊಡ್ಡದಾಗಿದೆ ಅಂತ ವಿಕಿರಣ ಕೊಟ್ಟರು. ತಲೆಯ ಹುಳುಕಡ್ಡಿಗೆ ಕೊಟ್ಟರು. ಮೊಡವೆಗೂ ಕೊಟ್ಟರು. 1950ರಲ್ಲಿ ಡಫಿ ಮತ್ತು ಫಿಟ್ಜೆರಾಲ್ಡ್ ಎಂಬ ಇಬ್ಬರು ಅಮೆರಿಕದ ವೈದ್ಯರು ಥೈರಾಯ್ಡ್ ಕ್ಯಾನ್ಸರ್ ಬಂದ ಮಕ್ಕಳ ಹಳೆಯ ದಾಖಲೆಗಳನ್ನು ತೆಗೆದು ನೋಡಿದರು. ಅವರಲ್ಲಿ ಹಲವರಿಗೆ ಹಸುಗೂಸಾಗಿದ್ದಾಗ ಥೈಮಸ್‌ಗೆ ವಿಕಿರಣ ಕೊಡಲಾಗಿತ್ತು. ಈ ಎರಡಕ್ಕೂ ನಂಟಿದೆ ಅನ್ನುವ ಅನುಮಾನ ಹುಟ್ಟಿದ್ದು ಹಾಗೆ.

1986ರ ಏಪ್ರಿಲ್ 26ರಂದು, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಉಕ್ರೇನಿನ ಚೆರ್ನೊಬಿಲ್ ಅಣುಸ್ಥಾವರ ಸ್ಫೋಟಗೊಂಡಿತು. ಗಾಳಿಗೆ ಸೇರಿದ ವಸ್ತುಗಳಲ್ಲಿ ವಿಕಿರಣ ಸೂಸುವ ಅಯೋಡಿನ್-131 ಒಂದು. ಅದು ಹುಲ್ಲಿನ ಮೇಲೆ ಬಿತ್ತು. ಹುಲ್ಲು ತಿಂದ ಹಸುವಿನ ಹಾಲಿಗೆ ಬಂತು. ಆ ಹಾಲನ್ನು ಮಕ್ಕಳು ಕುಡಿದರು. ಥೈರಾಯ್ಡ್ ತನ್ನ ಹಾರ್ಮೋನು ತಯಾರಿಸಲು ಅಯೋಡಿನ್ ಅನ್ನು ರಕ್ತದಿಂದ ಹೀರಿಕೊಳ್ಳುತ್ತದೆ. ಅದಕ್ಕೆ ಒಳ್ಳೆಯ ಅಯೋಡಿನ್, ವಿಕಿರಣದ ಅಯೋಡಿನ್ ಎಂಬ ಭೇದ ಗೊತ್ತಿಲ್ಲ. ಮಗುವಿನ ಗ್ರಂಥಿ ಪುಟ್ಟದು. ಅಷ್ಟು ಪುಟ್ಟ ಗ್ರಂಥಿಗೆ ಅಷ್ಟೊಂದು ವಿಕಿರಣ ಸೇರಿದಾಗ ಒಂದೊಂದು ಜೀವಕೋಶಕ್ಕೂ ತಾಗಿದ ಪೆಟ್ಟು ಜಾಸ್ತಿ. ಮೇಲಾಗಿ ಮಕ್ಕಳ ಜೀವಕೋಶಗಳು ಇನ್ನೂ ವಿಭಜನೆಯಾಗುತ್ತಾ ಇರುತ್ತವೆ. ಡಿಎನ್‌ಎಗೆ ಆದ ಗಾಯ ಮುಂದಿನ ಜೀವಕೋಶಗಳಿಗೂ ದಾಟುತ್ತದೆ. ಅಯೋಡಿನ್-131ರ ಅರ್ಧಾಯುಷ್ಯ ಕೇವಲ 8 ದಿನ, ಅಂದರೆ ಪ್ರತಿ 8 ದಿನಕ್ಕೆ ಅದು ಅರ್ಧಕ್ಕೆ ಇಳಿಯುತ್ತದೆ. ಕೆಲವು ತಿಂಗಳಲ್ಲಿ ಅದು ಇಲ್ಲವಾಯಿತು. ಆದರೆ 1990ರ ಹೊತ್ತಿಗೆ ಬೆಲಾರೂಸಿನ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಏರತೊಡಗಿತು. ವಿಕಿರಣದ ಪರಿಣಾಮಗಳನ್ನು ಗಮನಿಸುವ ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯ ಲೆಕ್ಕ ಹೀಗಿದೆ: ಬೆಲಾರೂಸ್, ಉಕ್ರೇನ್ ಮತ್ತು ರಷ್ಯಾದ ಪೀಡಿತ ಭಾಗಗಳಲ್ಲಿ, ದುರಂತದ ವೇಳೆ 18 ವರ್ಷದೊಳಗಿದ್ದವರಲ್ಲಿ 2005ರವರೆಗೆ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್‌ಗಳು ಪತ್ತೆಯಾದವು. ಅಷ್ಟು ಜನರಲ್ಲಿ ಆ ಹೊತ್ತಿಗೆ ಇದರಿಂದ ತೀರಿಕೊಂಡವರು 15 ಮಂದಿ. ಈ ಎರಡನೆಯ ಅಂಕಿಗೆ ಆಮೇಲೆ ಬರುತ್ತೇನೆ.

ಇವತ್ತು ವಿಕಿರಣದ ಪ್ರಶ್ನೆ ಹೆಚ್ಚಾಗಿ ತಟ್ಟುವುದು ಬೇರೆಯದೇ ಗುಂಪಿಗೆ. ಚಿಕ್ಕವರಿದ್ದಾಗ ಬೇರೆ ಕ್ಯಾನ್ಸರ್ ಬಂದು, ರೇಡಿಯೇಷನ್ ಚಿಕಿತ್ಸೆ ಪಡೆದು ಗುಣವಾದವರು ಇವರು. ಹಾಡ್ಜ್‌ಕಿನ್ ಲಿಂಫೋಮಾ ಎಂಬ ಲಿಂಫ್ ಗ್ರಂಥಿಗಳ ಕ್ಯಾನ್ಸರ್ ಇದ್ದವರಿಗೆ ಕುತ್ತಿಗೆ ಮತ್ತು ಎದೆಗೆ ರೇಡಿಯೇಷನ್ ಕೊಡುವುದಿದೆ. ಆಗ ಪಕ್ಕದಲ್ಲೇ ಇರುವ ಥೈರಾಯ್ಡ್‌ಗೂ ಅದು ತಾಗುತ್ತದೆ. ಚಿಕಿತ್ಸೆಯ ವೇಳೆ ಮಗು ಎಷ್ಟು ಚಿಕ್ಕದೋ ಮುಂದಿನ ಅಪಾಯ ಅಷ್ಟು ಜಾಸ್ತಿ. ಇಲ್ಲಿ ಒಂದು ವಿಚಿತ್ರ ಇದೆ. ವಿಕಿರಣದ ಪ್ರಮಾಣ ಸುಮಾರು 20ರಿಂದ 29 ಗ್ರೇವರೆಗೆ (ಗ್ರೇ ಅಂದರೆ ದೇಹಕ್ಕೆ ಸೇರಿದ ವಿಕಿರಣ ಅಳೆಯುವ ಮಾನ) ಹೆಚ್ಚಿದಂತೆ ಥೈರಾಯ್ಡ್ ಕ್ಯಾನ್ಸರ್‌ನ ಅಪಾಯ ಏರುತ್ತದೆ. ಅದಕ್ಕಿಂತ ಮೇಲೆ ಹೋದರೆ ಅಪಾಯ ಇಳಿಯತೊಡಗುತ್ತದೆ. ಯಾಕೆಂದರೆ ಅಷ್ಟು ದೊಡ್ಡ ಪ್ರಮಾಣಕ್ಕೆ ಜೀವಕೋಶಗಳು ಕೆಡುವ ಬದಲು ಸತ್ತೇ ಹೋಗುತ್ತವೆ. ಹೀಗೆ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಗಂಟು ಕೂಡಲೇ ಬರುವುದಿಲ್ಲ. ಹೆಚ್ಚಾಗಿ ಬರುವುದು 15ರಿಂದ 25 ವರ್ಷಗಳ ಮೇಲೆ. ಆಗ ಆ ಮಗು ಮಗುವೇ ಆಗಿರುವುದಿಲ್ಲ. ಹಳೆಯ ಕಾಗದಗಳು ಎಲ್ಲೋ ಕಳೆದುಹೋಗಿರುತ್ತವೆ. ಯಾವ ಭಾಗಕ್ಕೆ, ಯಾವ ವಯಸ್ಸಿನಲ್ಲಿ, ಎಷ್ಟು ರೇಡಿಯೇಷನ್ ಕೊಟ್ಟರು ಅನ್ನುವ ಚೀಟಿಯನ್ನು ಜೋಪಾನವಾಗಿ ಇಡಿ ಅಂತ ಅಂಥ ಕುಟುಂಬಗಳಿಗೆ ನಾನು ಕೈಮುಗಿದು ಹೇಳುತ್ತೇನೆ.

ಮನೆತನದಲ್ಲಿ ಯಾರಿಗಾದರೂ?

ಮಕ್ಕಳ ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಪ್ಯಾಪಿಲರಿ ಅನ್ನುವ ಬಗೆಯವು. ನೂರಕ್ಕೆ 90ರ ಆಸುಪಾಸು. ಫಾಲಿಕ್ಯುಲರ್ ಬಗೆ ಕಡಿಮೆ. ಮೆಡ್ಯುಲರಿ ಬಗೆ ಇನ್ನೂ ಅಪರೂಪ, ಆದರೆ ಮಕ್ಕಳಲ್ಲಿ ಅದು ಬಂದರೆ ಹೆಚ್ಚಾಗಿ ವಂಶದಿಂದ ಬಂದಿರುತ್ತದೆ. ಅದಕ್ಕೆ ಕಾರಣ ರೆಟ್ ಎಂಬ ಜೀನ್‌ನಲ್ಲಿನ ಬದಲಾವಣೆ. ತಂದೆ ಅಥವಾ ತಾಯಿಯಲ್ಲಿ ಈ ಬದಲಾವಣೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಇಂಥ ಮಕ್ಕಳಲ್ಲಿ ಗಂಟು ಕಾಣುವವರೆಗೆ ಕಾಯುವುದೇ ತಪ್ಪು. ರಕ್ತದಿಂದ ಜೀನ್ ಪರೀಕ್ಷೆ ಮಾಡಿ, ಬದಲಾವಣೆ ಯಾವ ಜಾಗದಲ್ಲಿದೆ ಅಂತ ನೋಡಿ, ಕ್ಯಾನ್ಸರ್ ಬರುವ ಮೊದಲೇ ಥೈರಾಯ್ಡ್ ತೆಗೆಯುತ್ತಾರೆ. ಅತ್ಯಂತ ತೀವ್ರ ಬಗೆಯಲ್ಲಿ ಮಗುವಿಗೆ ಒಂದು ವರ್ಷ ತುಂಬುವುದರೊಳಗೆ. ಅದರ ನಂತರದ ಬಗೆಯಲ್ಲಿ 5 ವರ್ಷದ ಹೊತ್ತಿಗೆ.

ಬೇರೆ ಜೀನ್‌ಗಳೂ ಇವೆ. ಡೈಸರ್-1 ಜೀನ್‌ನ ತೊಂದರೆ ಇರುವ ಮನೆತನಗಳಲ್ಲಿ ಚಿಕ್ಕ ವಯಸ್ಸಿಗೇ ಹಲವು ಗಂಟುಗಳ ಥೈರಾಯ್ಡ್ ಕಾಣುತ್ತದೆ. ಜೊತೆಗೆ ಮನೆಯ ಇನ್ಯಾವುದೋ ಮಗುವಿಗೆ ಶ್ವಾಸಕೋಶದ ಅಪರೂಪದ ಗೆಡ್ಡೆ ಆಗಿರಬಹುದು. ಪಿಟೆನ್ ಜೀನ್‌ನ ತೊಂದರೆ ಇದ್ದರೆ ಮಗುವಿನ ತಲೆಯ ಸುತ್ತಳತೆ ವಯಸ್ಸಿಗೆ ಮೀರಿ ದೊಡ್ಡದಿರುವುದುಂಟು. ದೊಡ್ಡ ಕರುಳಿನ ಒಳಗೋಡೆಯಲ್ಲಿ ಪಾಲಿಪ್ ಎಂಬ ಪುಟ್ಟ ಗೆಡ್ಡೆಗಳು ನೂರಾರು ಬೆಳೆಯುವ ವಂಶದ ಕಾಯಿಲೆಯಲ್ಲೂ ಥೈರಾಯ್ಡ್ ಕ್ಯಾನ್ಸರ್ ಬರಬಹುದು. ಹಾಗಾಗಿ ವೈದ್ಯರು ಅಜ್ಜಿಯ ಕರುಳಿನ ಆಪರೇಷನ್ ಬಗ್ಗೆ ವಿಚಾರಿಸಿದರೆ "ಇದಕ್ಕೂ ಅದಕ್ಕೂ ಏನು ಸಂಬಂಧ" ಅಂದುಕೊಳ್ಳಬೇಡಿ. ಸಂಬಂಧ ಇದೆ.

ವೈದ್ಯರು ಕುತ್ತಿಗೆಯನ್ನು ಕೈಯಿಂದ ಮುಟ್ಟಿ ನೋಡುವುದರಲ್ಲೂ ಮಾಹಿತಿ ಸಿಗುತ್ತದೆ. ಥೈರಾಯ್ಡ್ ಗಂಟು ಉಗುಳು ನುಂಗಿದಾಗ ಮೇಲಕ್ಕೆ ಸರಿಯುತ್ತದೆ. ಅದು ಕಲ್ಲಿನಂತೆ ಗಟ್ಟಿ ಇದ್ದರೆ, ಸುತ್ತಲಿನ ಭಾಗಕ್ಕೆ ಅಂಟಿಕೊಂಡಂತಿದ್ದರೆ, ಧ್ವನಿ ಒಡೆದಿದ್ದರೆ, ಕುತ್ತಿಗೆಯ ಪಕ್ಕದ ಲಿಂಫ್ ಗ್ರಂಥಿಗಳು ಊದಿ ವಾರಗಟ್ಟಲೆ ಇಳಿಯದಿದ್ದರೆ ಅನುಮಾನ ಹೆಚ್ಚುತ್ತದೆ. ನೋವಿಲ್ಲ ಅನ್ನುವುದು ಸಮಾಧಾನದ ಮಾತಲ್ಲ. ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ.

ರಕ್ತ ಪರೀಕ್ಷೆಯದು ಚಿಕ್ಕ ಪಾತ್ರ. ಥೈರಾಯ್ಡ್ ಕ್ಯಾನ್ಸರ್ ಇರುವ ಹೆಚ್ಚಿನ ಮಕ್ಕಳಲ್ಲಿ ಹಾರ್ಮೋನು ಮಟ್ಟ ಸರಿಯಾಗಿಯೇ ಇರುತ್ತದೆ. "ಥೈರಾಯ್ಡ್ ಟೆಸ್ಟ್ ನಾರ್ಮಲ್ ಬಂತು, ಇನ್ನೇನು ಚಿಂತೆ ಇಲ್ಲ" ಅನ್ನುವ ಹಾಗಿಲ್ಲ. ಥೈರಾಯ್ಡ್ ಕೆಲಸ ಮಾಡುವಂತೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಟಿಎಸ್‌ಎಚ್ ಹಾರ್ಮೋನು ತೀರಾ ಕಡಿಮೆ ಬಂದರೆ ಮಾತ್ರ ದಾರಿ ಬೇರೆ. ಆಗ ಗಂಟೇ ತನ್ನಿಷ್ಟಕ್ಕೆ ಹಾರ್ಮೋನು ಸುರಿಸುತ್ತಿದೆಯಾ ಅಂತ ನ್ಯೂಕ್ಲಿಯರ್ ಸ್ಕ್ಯಾನ್ ಮಾಡಿ ನೋಡುತ್ತಾರೆ. ಹೌದಾದರೆ ಮಕ್ಕಳಲ್ಲಿ ಅದನ್ನು ಸಾಮಾನ್ಯವಾಗಿ ಆಪರೇಷನ್ ಮಾಡಿಯೇ ತೆಗೆಯುತ್ತಾರೆ.

ಅಲ್ಟ್ರಾಸೌಂಡ್: ಅಳತೆಗಿಂತ ರೂಪ ಮುಖ್ಯ

ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಗಂಟಿನ ಅಳತೆಯ ಮೇಲೆ. 8 ಮಿಲಿಮೀಟರ್ ಅಂದರೆ ಉಸಿರು ಬಿಡುತ್ತಾರೆ. 2 ಸೆಂಟಿಮೀಟರ್ ಅಂದರೆ ಬೆಚ್ಚುತ್ತಾರೆ. ದೊಡ್ಡವರಲ್ಲಿ ಅಳತೆಗೆ ನಿಜಕ್ಕೂ ಬೆಲೆ ಇದೆ. ರೇಡಿಯಾಲಜಿಸ್ಟ್‌ಗಳು ಬಳಸುವ ಟೈ-ರಾಡ್ಸ್ ಎಂಬ ಪದ್ಧತಿಯನ್ನೇ ನೋಡಿ. ಅಮೆರಿಕದ ರೇಡಿಯಾಲಜಿ ಕಾಲೇಜು ಅದನ್ನು 2017ರಲ್ಲಿ ಪ್ರಕಟಿಸಿತು. ಗಂಟಿನ ಒಳಗೇನಿದೆ, ಎಷ್ಟು ಕಪ್ಪಾಗಿ ಕಾಣುತ್ತದೆ, ಆಕಾರ ಏನು, ಅಂಚು ಹೇಗಿದೆ, ಬಿಳಿ ಚುಕ್ಕೆಗಳಿವೆಯಾ, ಈ ಐದಕ್ಕೂ ಅಂಕ ಕೊಟ್ಟು ಕೂಡಿಸುತ್ತಾರೆ. ಒಟ್ಟು ಅಂಕದ ಮೇಲೆ ಗಂಟು ಐದು ದರ್ಜೆಗಳಲ್ಲಿ ಒಂದಕ್ಕೆ ಸೇರುತ್ತದೆ. ಆಮೇಲೆ ಅಳತೆ ನೋಡುತ್ತಾರೆ. ಐದನೇ ದರ್ಜೆಯದಾದರೆ 1 ಸೆಂಟಿಮೀಟರ್ ದಾಟಿದಾಗ ಸೂಜಿ ಪರೀಕ್ಷೆ. ನಾಲ್ಕನೆಯದಾದರೆ 1.5. ಮೂರನೆಯದಾದರೆ 2.5.

ಇದನ್ನು ಹಾಗೇ ಎತ್ತಿ ಮಕ್ಕಳಿಗೆ ಹಚ್ಚಿದರೆ ಏನಾಗುತ್ತದೆ? 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಪರೀಕ್ಷಿಸಿತು. ದೊಡ್ಡವರ ಅಳತೆಯ ಗೆರೆಗಳನ್ನು ಪಾಲಿಸಿದ್ದರೆ ಮಕ್ಕಳ ಕ್ಯಾನ್ಸರ್ ಗಂಟುಗಳಲ್ಲಿ ಸುಮಾರು ಐದನೇ ಒಂದು ಭಾಗಕ್ಕೆ ಮೊದಲ ಭೇಟಿಯಲ್ಲಿ ಸೂಜಿ ಪರೀಕ್ಷೆಯೇ ಆಗುತ್ತಿರಲಿಲ್ಲ. ಅಂಕ ಕೊಡುವ ವಿಧಾನ ಮಕ್ಕಳಲ್ಲೂ ಕೆಲಸಕ್ಕೆ ಬರುತ್ತದೆ. ಕೈಕೊಡುವುದು ಅಳತೆಯ ಗೆರೆ.

ಕಾರಣ ಕಷ್ಟದ್ದೇನಲ್ಲ. ಆಗ ತಾನೇ ಹುಟ್ಟಿದ ಕೂಸಿನ ಥೈರಾಯ್ಡ್ ಸುಮಾರು ಒಂದು ಗ್ರಾಂ ತೂಗುತ್ತದೆ. ದೊಡ್ಡವರದು 15ರಿಂದ 20 ಗ್ರಾಂ. ನಡುವಿನ ವರ್ಷಗಳಲ್ಲಿ ಗ್ರಂಥಿ ನಿಧಾನಕ್ಕೆ ಬೆಳೆಯುತ್ತಾ ಹೋಗುತ್ತದೆ. ಒಂದು ಸೆಂಟಿಮೀಟರ್ ಗಂಟು ದೊಡ್ಡವರ ಗ್ರಂಥಿಯಲ್ಲಿ ಒಂದು ಮೂಲೆಯಲ್ಲಿ ಕೂತಿರುತ್ತದೆ. 4 ವರ್ಷದ ಮಗುವಿನ ಗ್ರಂಥಿಯಲ್ಲಿ ಅದೇ ಗಂಟು ಒಂದು ಬದಿಯ ದೊಡ್ಡ ಪಾಲನ್ನೇ ಆಕ್ರಮಿಸಿರುತ್ತದೆ. ಎರಡಕ್ಕೂ ಒಂದೇ ಗೆರೆ ಎಳೆಯುವುದು ನ್ಯಾಯವಲ್ಲ, ಅಲ್ವಾ? ಅದಕ್ಕೇ 2015ರ ಮಾರ್ಗಸೂಚಿ ನೇರವಾಗಿ ಹೇಳಿತು: ಮಕ್ಕಳಲ್ಲಿ ಅಳತೆಯೊಂದನ್ನೇ ನಂಬಬೇಡಿ, ಗಂಟಿನ ರೂಪ ಮತ್ತು ಮಗುವಿನ ಹಿನ್ನೆಲೆ ನೋಡಿ ಸೂಜಿ ಪರೀಕ್ಷೆ ತೀರ್ಮಾನಿಸಿ.

ರೂಪದಲ್ಲಿ ಏನನ್ನು ನೋಡುತ್ತಾರೆ? ಸುತ್ತಲಿನ ಗ್ರಂಥಿಗಿಂತ ಕಪ್ಪಾಗಿ ಕಾಣುವ ಗಟ್ಟಿ ಗಂಟು ಅನುಮಾನದ್ದು. ಸೊಟ್ಟಪಟ್ಟ ಅಂಚು ಅನುಮಾನದ್ದು. ಅಗಲಕ್ಕಿಂತ ಆಳಕ್ಕೆ ಜಾಸ್ತಿ ಬೆಳೆದಿದ್ದರೆ ಅನುಮಾನ. ಒಳಗೆ ಹರಳಿನ ಪುಡಿಯಂಥ ಸಣ್ಣ ಬಿಳಿ ಚುಕ್ಕೆಗಳಿದ್ದರೆ ಅದು ಜೋರು ಅನುಮಾನ, ಯಾಕೆಂದರೆ ಪ್ಯಾಪಿಲರಿ ಕ್ಯಾನ್ಸರ್‌ನಲ್ಲಿ ಕ್ಯಾಲ್ಸಿಯಂ ಹೀಗೆ ಕಣಕಣವಾಗಿ ಸೇರಿಕೊಳ್ಳುತ್ತದೆ. ಪೂರ್ತಿ ನೀರೇ ತುಂಬಿದ ಗಂಟಿನಲ್ಲಿ ಅಥವಾ ಸ್ಪಂಜಿನ ಹಾಗೆ ತೂತುತೂತಾಗಿ ಕಾಣುವ ಗಂಟಿನಲ್ಲಿ ಕ್ಯಾನ್ಸರ್ ಇರುವ ಸಾಧ್ಯತೆ ತೀರಾ ಕಡಿಮೆ.

ಮಕ್ಕಳ ವಿಷಯದಲ್ಲಿ ಗಂಟನ್ನಷ್ಟೇ ನೋಡಿ ಸ್ಕ್ಯಾನ್ ಮುಗಿಸಬಾರದು. ಕುತ್ತಿಗೆಯ ಎರಡೂ ಪಕ್ಕದ ಲಿಂಫ್ ಗ್ರಂಥಿಗಳನ್ನೂ ನೋಡಬೇಕು. ಮಕ್ಕಳ ಪ್ಯಾಪಿಲರಿ ಕ್ಯಾನ್ಸರ್ ಪತ್ತೆಯಾಗುವ ಹೊತ್ತಿಗೆ ಲಿಂಫ್ ಗ್ರಂಥಿಗಳಿಗೆ ಹರಡಿರುವುದು ಬಹಳ ಸಾಮಾನ್ಯ. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಹೀಗಿರುತ್ತದೆ ಅಂದರೂ ತಪ್ಪಿಲ್ಲ. ಲಿಂಫ್ ಗ್ರಂಥಿ ಉರುಟಾಗಿ, ಒಳಗೆ ಬಿಳಿ ಚುಕ್ಕೆಗಳೊಂದಿಗೆ ಕಂಡರೆ ಥೈರಾಯ್ಡ್ ಗಂಟಿನ ಅಪಾಯದ ಅಂಕಿ ಒಮ್ಮೆಲೇ ಜಿಗಿಯುತ್ತದೆ. ರಿಪೋರ್ಟ್‌ನಲ್ಲಿ ಲಿಂಫ್ ಗ್ರಂಥಿಗಳ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ "ಅದನ್ನೂ ನೋಡಿದ್ದೀರಾ ಡಾಕ್ಟ್ರೇ?" ಅಂತ ಕೇಳುವುದು ತಂದೆ ತಾಯಿಯ ಹಕ್ಕು.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಎರಡು ವಿಶೇಷ ಸಂಗತಿಗಳಿವೆ. ಒಂದು, ಗಂಟೇ ಇಲ್ಲದ ಕ್ಯಾನ್ಸರ್. ಪ್ಯಾಪಿಲರಿ ಕ್ಯಾನ್ಸರ್‌ನ ಒಂದು ಬಗೆ ಉಂಡೆ ಕಟ್ಟುವುದಿಲ್ಲ. ಒಂದು ಬದಿಗೋ ಇಡೀ ಗ್ರಂಥಿಗೋ ಹಬ್ಬುತ್ತದೆ. ಗ್ರಂಥಿ ಊದಿ ಗಟ್ಟಿಯಾಗಿರುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ತುಂಬೆಲ್ಲ ಬಿಳಿ ಚುಕ್ಕೆಗಳು ಹರಡಿರುತ್ತವೆ. ಹಾಶಿಮೊಟೊ ಅಂತ ಭ್ರಮಿಸಿ ತಿಂಗಳುಗಟ್ಟಲೆ ಮಾತ್ರೆ ಕೊಡುವ ಸಾಧ್ಯತೆ ಇಲ್ಲಿದೆ. ಇನ್ನೊಂದು ಇದಕ್ಕೆ ಸರಿಯಾಗಿ ಉಲ್ಟಾ. ಭ್ರೂಣ ಬೆಳೆಯುವಾಗ ಥೈಮಸ್ ಗ್ರಂಥಿ ಕುತ್ತಿಗೆಯಿಂದ ಎದೆಗೆ ಇಳಿಯುತ್ತದೆ. ಇಳಿಯುವ ದಾರಿಯಲ್ಲಿ ಅದರ ಒಂದು ತುಣುಕು ಥೈರಾಯ್ಡ್‌ನೊಳಗೇ ಸಿಕ್ಕಿಕೊಂಡುಬಿಡಬಹುದು. ಸ್ಕ್ಯಾನ್‌ನಲ್ಲಿ ಅದು ಕಪ್ಪಗೆ, ಒಳಗೆ ಬಿಳಿ ಚುಕ್ಕೆಗಳೊಂದಿಗೆ ಕಾಣುತ್ತದೆ. ಥೇಟ್ ಕ್ಯಾನ್ಸರ್‌ನ ಹಾಗೆ! ಆದರೆ ಅದು ಏನೂ ಮಾಡುವುದಿಲ್ಲ. ಮಗು ದೊಡ್ಡದಾದಂತೆ ಕುಗ್ಗುತ್ತಾ ಬರುತ್ತದೆ. ಎದೆಯಲ್ಲಿರುವ ಥೈಮಸ್‌ನ ಚಿತ್ರವನ್ನು ಪಕ್ಕಕ್ಕಿಟ್ಟು ಹೋಲಿಸಿದರೆ ಅನುಭವಿ ಕಣ್ಣಿಗೆ ಗೊತ್ತಾಗುತ್ತದೆ. ಮಕ್ಕಳ ಸ್ಕ್ಯಾನ್ ನೋಡಿ ಪಳಗಿದ ರೇಡಿಯಾಲಜಿಸ್ಟ್ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ತೋಚುವುದಿಲ್ಲ.

ಸೂಜಿ ಪರೀಕ್ಷೆ ಮತ್ತು ಅದರ ಆರು ಉತ್ತರಗಳು

ಅನುಮಾನ ಇರುವ ಗಂಟಿಗೆ ಮುಂದಿನ ಹೆಜ್ಜೆ ಎಫ್‌ಎನ್‌ಎಸಿ. ತೆಳುವಾದ ಸೂಜಿಯನ್ನು ಗಂಟಿನೊಳಗೆ ಇಳಿಸಿ, ಕೆಲವು ಜೀವಕೋಶಗಳನ್ನು ಹೊರತೆಗೆದು, ಸೂಕ್ಷ್ಮದರ್ಶಕದಲ್ಲಿ ನೋಡುವುದು. ಮಕ್ಕಳಲ್ಲಿ ಇದನ್ನು ಅಲ್ಟ್ರಾಸೌಂಡ್ ನೋಡುತ್ತಲೇ ಮಾಡಬೇಕು, ಕೈಯಂದಾಜಿನ ಮೇಲಲ್ಲ. ತೀರಾ ಚಿಕ್ಕ ಮಕ್ಕಳಿಗೆ ಮಂಪರು ಔಷಧ ಬೇಕಾಗಬಹುದು. "ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದಂತೆ" ಅನ್ನುವ ಭಯ ಬಹಳ ಜನರಿಗಿದೆ. ಇಷ್ಟು ತೆಳುವಾದ ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಹರಡುವುದು ಅತಿ ಅಪರೂಪ. ಆ ಭಯಕ್ಕೆ ಪರೀಕ್ಷೆ ತಪ್ಪಿಸುವುದೇ ದೊಡ್ಡ ಅಪಾಯ.

ಫಲಿತಾಂಶ ಹೌದು ಅಥವಾ ಇಲ್ಲ ಅಂತ ಬರುವುದಿಲ್ಲ. ಆರು ಬಗೆಯಲ್ಲಿ ಬರುತ್ತದೆ. ಇದಕ್ಕೆ ಬೆಥೆಸ್ಡಾ ಪದ್ಧತಿ ಅಂತ ಹೆಸರು. 2007ರಲ್ಲಿ ಅಮೆರಿಕದ ಬೆಥೆಸ್ಡಾ ಎಂಬಲ್ಲಿ ನಡೆದ ತಜ್ಞರ ಸಭೆಯಲ್ಲಿ ಇದು ರೂಪುಗೊಂಡಿತು. 2023ರಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಮೊದಲ ಬಾರಿಗೆ ಮಕ್ಕಳ ಅಂಕಿಗಳನ್ನೇ ಬೇರೆಯಾಗಿ ಕೊಟ್ಟರು. ಇದು ದೊಡ್ಡ ಉಪಕಾರ. ದೊಡ್ಡವರ ಅಂಕಿ ಹಿಡಿದು ಮಗುವಿನ ಭವಿಷ್ಯ ಹೇಳುವುದು ಇದರಿಂದ ತಪ್ಪಿತು.

ಮೊದಲ ಬಗೆ ಅಂದರೆ ಸಾಕಷ್ಟು ಜೀವಕೋಶ ಸಿಕ್ಕಿಲ್ಲ ಅಂತ. ಅದು ಉತ್ತರವೇ ಅಲ್ಲ. ಸಾಮಾನ್ಯವಾಗಿ ಕೆಲವು ತಿಂಗಳ ನಂತರ ಮತ್ತೆ ಮಾಡುತ್ತಾರೆ. ಎರಡನೆಯದು ನಿರಪಾಯ. ಮಕ್ಕಳಲ್ಲಿ ಈ ಉತ್ತರ ಬಂದ ಮೇಲೂ ಕ್ಯಾನ್ಸರ್ ಆಗಿರುವ ಸರಾಸರಿ ಸಾಧ್ಯತೆ ನೂರಕ್ಕೆ 6. ಕೊನೆಯದು, ಆರನೆಯದು, ಕ್ಯಾನ್ಸರ್. ಅದು ಬಂದರೆ ನೂರಕ್ಕೆ 98 ಬಾರಿ ಅದು ಸರಿಯೇ. ಐದನೆಯದು ಕ್ಯಾನ್ಸರ್ ಎಂಬ ಬಲವಾದ ಅನುಮಾನ. ಅದರಲ್ಲಿ 81.

ಕಷ್ಟ ಇರುವುದು ನಡುವಿನ ಎರಡರಲ್ಲಿ. ಮೂರನೆಯದರಲ್ಲಿ ಜೀವಕೋಶಗಳು ಸ್ವಲ್ಪ ವಿಚಿತ್ರವಾಗಿ ಕಾಣುತ್ತವೆ, ಆದರೆ ಖಚಿತವಾಗಿ ಏನೂ ಹೇಳಲಾಗದು. ಮಕ್ಕಳಲ್ಲಿ ಇದರ ಸರಾಸರಿ ಅಪಾಯ ನೂರಕ್ಕೆ 28. ದೊಡ್ಡವರಲ್ಲಿ 22. ನಾಲ್ಕನೆಯದು ಫಾಲಿಕ್ಯುಲರ್ ಗೆಡ್ಡೆ. ಮಕ್ಕಳಲ್ಲಿ ನೂರಕ್ಕೆ 50, ದೊಡ್ಡವರಲ್ಲಿ 30. ಫಾಲಿಕ್ಯುಲರ್ ಗೆಡ್ಡೆಯಲ್ಲಿ ಸೂಜಿ ಸೋಲುವುದಕ್ಕೆ ಕಾರಣ ಇದೆ. ಇಲ್ಲಿ ಕ್ಯಾನ್ಸರ್ ಹೌದೋ ಅಲ್ಲವೋ ಅನ್ನುವುದು ಒಂದೊಂದು ಜೀವಕೋಶದ ಮುಖದಲ್ಲಿ ಬರೆದಿರುವುದಿಲ್ಲ. ಗೆಡ್ಡೆಯ ಸುತ್ತಲಿನ ಪೊರೆಯನ್ನೋ ರಕ್ತನಾಳವನ್ನೋ ಅದು ಒಡೆದು ಹೊರಗೆ ನುಗ್ಗಿದೆಯಾ ಅಂತ ನೋಡಬೇಕು. ಹಾಗೆ ನೋಡಲು ಇಡೀ ಗೆಡ್ಡೆಯೇ ಕೈಗೆ ಬರಬೇಕು.

ಮೂರನೇ ಬಗೆಯ ಉತ್ತರ ಬಂದಾಗ ದೊಡ್ಡವರಲ್ಲಿ ಮತ್ತೆ ಸೂಜಿ ಹಾಕಿ ನೋಡೋಣ ಅನ್ನುವುದು ರೂಢಿ. ಮಕ್ಕಳಲ್ಲಿ ಮಾತ್ರ ಈ ಎರಡೂ ಬಗೆಗಳಿಗೆ 2015ರ ಮಾರ್ಗಸೂಚಿ ಗಂಟು ಇರುವ ಅರ್ಧ ಥೈರಾಯ್ಡ್ ತೆಗೆಯುವ ಕಡೆಗೇ ವಾಲಿತ್ತು. ಇನ್ನರ್ಧ ಉಳಿದರೆ ಹಲವು ಮಕ್ಕಳಿಗೆ ಹಾರ್ಮೋನು ಮಾತ್ರೆಯೂ ಬೇಕಾಗುವುದಿಲ್ಲ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಿ. ನೂರಕ್ಕೆ 28 ಅಪಾಯ ಅಂದರೆ ಉಳಿದ 72 ಮಕ್ಕಳು ಕ್ಯಾನ್ಸರ್ ಇಲ್ಲದೆಯೇ ಆಪರೇಷನ್ ಟೇಬಲ್ ಮೇಲೆ ಮಲಗಿದಂತಾಯಿತು. ಸ್ಕ್ಯಾನ್‌ನಲ್ಲಿ ಗಂಟು ಸೌಮ್ಯವಾಗಿ ಕಂಡು, ಹಿನ್ನೆಲೆಯಲ್ಲಿ ಏನೂ ಇಲ್ಲದಿದ್ದರೆ, ಮೂರನೇ ಬಗೆಯ ಉತ್ತರಕ್ಕೆ ಮತ್ತೊಮ್ಮೆ ಸೂಜಿ ಹಾಕಿ ನೋಡುವುದರಲ್ಲಿ ಅರ್ಥವಿದೆ ಅಂತ ನನಗೆ ಅನಿಸುತ್ತದೆ. ಸ್ಕ್ಯಾನೂ ಕೆಟ್ಟದಾಗಿದ್ದರೆ ಕಾಯುವುದು ಬೇಡ.

ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಇರಲಿ. ಇವು ಹೆಚ್ಚಾಗಿ ಆಪರೇಷನ್ ಆಗಿ, ಗಂಟು ಲ್ಯಾಬ್‌ಗೆ ಹೋಗಿ, ಕೊನೆಯ ತೀರ್ಪು ಸಿಕ್ಕ ಮಕ್ಕಳ ಲೆಕ್ಕ. ನಿರಪಾಯ ಅಂತ ಬಂದು, ಬೆಳೆಯದೆ, ಆಪರೇಷನ್ನೇ ಆಗದ ಮಕ್ಕಳು ಇದರಲ್ಲಿ ಸೇರುವುದಿಲ್ಲ. ಹಾಗಾಗಿ ಎರಡನೆಯದರಂಥ ಕಡಿಮೆ ಅನುಮಾನದ ಬಗೆಗಳಲ್ಲಿ ನಿಜವಾದ ಅಪಾಯ ಇಲ್ಲಿ ಕೊಟ್ಟದ್ದಕ್ಕಿಂತ ಕಡಿಮೆಯೇ ಇರುತ್ತದೆ.

ಸೂಜಿಯಲ್ಲಿ ಬಂದ ಜೀವಕೋಶಗಳ ಮೇಲೆ ಈಗ ಜೀನ್ ಪರೀಕ್ಷೆಯನ್ನೂ ಮಾಡುತ್ತಾರೆ. ದೊಡ್ಡವರ ಪ್ಯಾಪಿಲರಿ ಕ್ಯಾನ್ಸರ್‌ನಲ್ಲಿ ಜಾಸ್ತಿ ಕಾಣುವುದು ಬಿರಾಫ್ ಎಂಬ ಜೀನ್‌ನ ಒಂದು ಬದಲಾವಣೆ. ಮಕ್ಕಳಲ್ಲಿ, ಅದರಲ್ಲೂ ಚಿಕ್ಕ ಮಕ್ಕಳಲ್ಲಿ, ಎರಡು ಜೀನ್‌ಗಳ ತುಂಡುಗಳು ಒಂದಕ್ಕೊಂದು ಬೆಸೆದುಕೊಂಡಿರುವುದು ಜಾಸ್ತಿ. ರೆಟ್ ಮತ್ತು ಎನ್‌ಟಿಆರ್‌ಕೆ ಜೀನ್‌ಗಳ ಬೆಸುಗೆಗಳು ಮುಖ್ಯವಾದವು. ಇಂಥ ಬೆಸುಗೆ ಸಿಕ್ಕರೆ ಅದು ಕ್ಯಾನ್ಸರ್ ಅನ್ನುವುದು ಬಹುತೇಕ ಖಚಿತ. ಲಿಂಫ್ ಗ್ರಂಥಿಗೆ ಹರಡಿರುವ ಸಾಧ್ಯತೆಯೂ ಜಾಸ್ತಿ. ಏನೂ ಸಿಗದಿದ್ದರೆ ಮಾತ್ರ ನಿಶ್ಚಿಂತೆ ಅನ್ನುವ ಹಾಗಿಲ್ಲ.

ಎರಡು ಕಡೆಯ ತಪ್ಪು

ಇಷ್ಟೆಲ್ಲ ಎಚ್ಚರ ಬೇಕಾದರೆ ಎಲ್ಲ ಮಕ್ಕಳಿಗೂ ಶಾಲೆಯಲ್ಲೇ ಕುತ್ತಿಗೆ ಸ್ಕ್ಯಾನ್ ಮಾಡಿಸಿಬಿಡಬಹುದಲ್ಲ? ಕೇಳಲು ಚೆನ್ನಾಗಿದೆ. ಜಪಾನಿನ ಫುಕುಶಿಮಾದಲ್ಲಿ ಹಾಗೆ ಮಾಡಿ ನೋಡಿದ್ದಾರೆ. 2011ರ ಅಣು ದುರಂತದ ನಂತರ ಅಲ್ಲಿನ ಸುಮಾರು 3 ಲಕ್ಷ ಮಕ್ಕಳಿಗೆ ಅಲ್ಟ್ರಾಸೌಂಡ್ ಮಾಡಿದರು. ಮೊದಲ ಸುತ್ತಿನಲ್ಲೇ ನೂರಕ್ಕೂ ಹೆಚ್ಚು ಮಕ್ಕಳಲ್ಲಿ ಕ್ಯಾನ್ಸರ್ ಅಥವಾ ಅದರ ಅನುಮಾನ ಕಂಡಿತು. ಆದರೆ ಅಲ್ಲಿನ ಮಕ್ಕಳಿಗೆ ತಾಗಿದ ವಿಕಿರಣ ಚೆರ್ನೊಬಿಲ್‌ಗೆ ಹೋಲಿಸಿದರೆ ತುಂಬಾ ಕಡಿಮೆ. ಇಷ್ಟು ಕ್ಯಾನ್ಸರ್ ಸಿಕ್ಕಿದ್ದು ವಿಕಿರಣದಿಂದಲ್ಲ, ಸೂಕ್ಷ್ಮ ಯಂತ್ರ ಹಿಡಿದು ಹುಡುಕಿದ್ದರಿಂದ ಅಂತ ವಿಶ್ವಸಂಸ್ಥೆಯ ಸಮಿತಿ ಹೇಳಿತು. ಹಾಗೆ ಸಿಕ್ಕ ಪುಟ್ಟ ಕ್ಯಾನ್ಸರ್‌ಗಳಲ್ಲಿ ಕೆಲವು ಜೀವನಪೂರ್ತಿ ತೊಂದರೆ ಕೊಡದೆ ಇದ್ದುಬಿಡುತ್ತಿದ್ದವು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಣು ದುರಂತದ ನಂತರವೂ ಇಡೀ ಜನರಿಗೆ ಥೈರಾಯ್ಡ್ ಸ್ಕ್ಯಾನ್ ಮಾಡಬೇಡಿ ಅಂತ ಸಲಹೆ ಕೊಟ್ಟಿತು.

ಅನಗತ್ಯ ಆಪರೇಷನ್‌ಗೂ ಬೆಲೆ ಇದೆ. ಪೂರ್ತಿ ಥೈರಾಯ್ಡ್ ತೆಗೆದರೆ ಬದುಕಿಡೀ ದಿನಾ ಮಾತ್ರೆ. ಗ್ರಂಥಿಯ ಹಿಂದೆ ಕ್ಯಾಲ್ಸಿಯಂ ನಿಯಂತ್ರಿಸುವ ನಾಲ್ಕು ಪುಟಾಣಿ ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಪಕ್ಕದಲ್ಲೇ ಧ್ವನಿಯ ನರ ಹಾದುಹೋಗುತ್ತದೆ. ಮಗು ಚಿಕ್ಕದಿದ್ದಷ್ಟೂ ಇವುಗಳಿಗೆ ಪೆಟ್ಟಾಗುವ ಸಾಧ್ಯತೆ ಹೆಚ್ಚು. ವರ್ಷಕ್ಕೆ ಕನಿಷ್ಠ 30 ಇಂಥ ಆಪರೇಷನ್ ಮಾಡುವ ಸರ್ಜನ್ ಹತ್ತಿರವೇ ಹೋಗಿ ಅಂತ 2015ರ ಮಾರ್ಗಸೂಚಿ ಹೇಳುವುದು ಇದಕ್ಕೇ. "ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ?" ಅಂತ ಕೇಳುವುದರಲ್ಲಿ ಯಾವ ಅಗೌರವವೂ ಇಲ್ಲ.

ಇನ್ನು ಚೆರ್ನೊಬಿಲ್‌ನ ಆ ಎರಡನೆಯ ಅಂಕಿ. 6,000ಕ್ಕೂ ಹೆಚ್ಚು ಮಂದಿಗೆ ಕ್ಯಾನ್ಸರ್, 15 ಸಾವು. ಒಂದೊಂದು ಸಾವೂ ಒಂದು ಮನೆಯ ಮಗು. ಆದರೂ ಈ ಕಾಯಿಲೆಯ ಸ್ವಭಾವ ಅದರಲ್ಲಿ ಕಾಣುತ್ತದೆ. ಮಕ್ಕಳ ಪ್ಯಾಪಿಲರಿ ಕ್ಯಾನ್ಸರ್ ದೊಡ್ಡವರದಕ್ಕಿಂತ ಹೆಚ್ಚು ಹರಡಿರುತ್ತದೆ. ಕೆಲವು ಮಕ್ಕಳಲ್ಲಿ ಶ್ವಾಸಕೋಶಕ್ಕೂ ಹೋಗಿರುತ್ತದೆ. ಹಾಗಿದ್ದೂ ಚಿಕಿತ್ಸೆ ಪಡೆದ ನೂರರಲ್ಲಿ 95ಕ್ಕಿಂತ ಹೆಚ್ಚು ಮಕ್ಕಳು ದಶಕಗಟ್ಟಲೆ ಬದುಕುತ್ತಾರೆ. ಹಾಗಾಗಿ ಸರಿಯಾದ ರೇಡಿಯಾಲಜಿಸ್ಟ್, ಸರಿಯಾದ ಸರ್ಜನ್ ಹುಡುಕಲು ಕೆಲವು ವಾರ ಹಿಡಿದರೆ ಸಾಮಾನ್ಯವಾಗಿ ಏನೂ ಕೆಡುವುದಿಲ್ಲ. ಉಸಿರಾಟಕ್ಕೆ ತೊಂದರೆ, ನುಂಗಲು ಕಷ್ಟ, ಧ್ವನಿಯಲ್ಲಿ ಬದಲಾವಣೆ, ಗಂಟು ಸರಸರ ಬೆಳೆಯುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಮಾತ್ರ ಕಾಯಬಾರದು.

ಗಂಟು ನಿರಪಾಯ ಅಂತ ಬಂದ ಮಗುವನ್ನೂ ಮರೆಯುವ ಹಾಗಿಲ್ಲ. 6ರಿಂದ 12 ತಿಂಗಳಲ್ಲಿ ಮತ್ತೆ ಅಲ್ಟ್ರಾಸೌಂಡ್ ಮಾಡುತ್ತಾರೆ. ಹಾಗೇ ಇದ್ದರೆ ಆಮೇಲೆ ಒಂದು ಅಥವಾ ಎರಡು ವರ್ಷಕ್ಕೊಮ್ಮೆ. ಬೆಳೆದಿದ್ದರೆ ಅಥವಾ ಹೊಸ ಅನುಮಾನದ ಗುರುತು ಕಂಡರೆ ಮತ್ತೆ ಸೂಜಿ. 4 ಸೆಂಟಿಮೀಟರ್ ದಾಟಿದ ಗಟ್ಟಿ ಗಂಟಾದರೆ ಸೂಜಿ ನಿರಪಾಯ ಅಂದರೂ ತೆಗೆಯುವ ಬಗ್ಗೆ ಯೋಚಿಸುತ್ತಾರೆ, ಯಾಕೆಂದರೆ ಅಷ್ಟು ದೊಡ್ಡ ಗಂಟಿನಲ್ಲಿ ಸೂಜಿ ತಲುಪದ ಮೂಲೆಗಳು ಉಳಿದಿರುತ್ತವೆ. ಪ್ರತಿ ಸಲ ಸ್ಕ್ಯಾನ್‌ಗೆ ಹೋಗುವಾಗ ಹಿಂದಿನ ರಿಪೋರ್ಟ್ ಮಾತ್ರವಲ್ಲ, ಚಿತ್ರಗಳನ್ನೂ ಜೊತೆಗೆ ಒಯ್ಯಿರಿ. ಗಂಟು ಬೆಳೆದಿದೆಯಾ ಇಲ್ಲವಾ ಅನ್ನುವುದನ್ನು ರೇಡಿಯಾಲಜಿಸ್ಟ್ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟೇ ಹೇಳಬೇಕು.